ಲ್ಯಾಪ್‌ಟಾಪಿನಿಂದ ಚಾವಡಿಯ ಸ್ಪೀಕರಿಗೆ

ಈ ಸಲದ ರಜೆಯಲ್ಲಿ ದುಬೈಯಿಂದ ಬಂದ ಮಾಮ ಒಂದು ಮ್ಯೂಸಿಕ್ ಸ್ಟ್ರೀಮರ್ ಮತ್ತು ಒಂದು ಜೋಡಿ ದೊಡ್ಡ ಸ್ಪೀಕರ್ ತಂದಿದ್ದರು. ಚಾವಡಿಯಲ್ಲಿ ಟಿವಿಯ ಪಕ್ಕ ಅದನ್ನು ಇಟ್ಟು, ಫೋನಿನಿಂದ ಎರಡು ಹಾಡು ಕೇಳಿಸಿ, ಮಾಮ ನನ್ನ ಕಡೆ ತಿರುಗಿದರು. "ಅಜ್ಜನ ಕ್ಯಾಸೆಟ್ಟುಗಳನ್ನು ನಿನ್ನ ಲ್ಯಾಪ್‌ಟಾಪಿಗೆ ಹಾಕಿದ್ದೀಯಲ್ಲ, ಅದನ್ನು ಇದರಲ್ಲಿ ಹಾಕು. ಅಜ್ಜಿ ಕೇಳಲಿ." ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವನು ನಾನು. ಐದು ನಿಮಿಷದ ಕೆಲಸ ಅಂದೆ. ಎರಡೂವರೆ ದಿನ ಹಿಡಿಯಿತು. ಆ ಎರಡೂವರೆ ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಪೆಟ್ಟಿಗೆ ಇದ್ದರೆ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೂ ಹಳೆಯ ಸ್ಟೀರಿಯೋ ಇದ್ದೇ ಇರುತ್ತದೆ, ಅದಕ್ಕೂ ಅರ್ಧದಷ್ಟು ಅನ್ವಯಿಸುತ್ತದೆ.

ಮೊದಲು ಕ್ಯಾಸೆಟ್ಟಿನ ವಿಷಯ. ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರು ಕಾಗದ ಬರೆಯುವುದರ ಜೊತೆಗೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಫೋನ್ ದುಬಾರಿ, ಓದು ಬರಹ ಎಲ್ಲರಿಗೂ ಬರುತ್ತಿರಲಿಲ್ಲ. ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಬರುತ್ತಿತ್ತು, ಉತ್ತರದ ಕ್ಯಾಸೆಟ್ ಇನ್ನೊಬ್ಬರ ಕೈಯಲ್ಲಿ ಹೋಗುತ್ತಿತ್ತು. ನಮ್ಮ ಅಜ್ಜ ಕಳಿಸಿದ ಹದಿನೆಂಟು ಕ್ಯಾಸೆಟ್ಟುಗಳು ಅಜ್ಜಿಯ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇದ್ದವು. ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಯಿತು. ಕಳೆದ ವರ್ಷ ಸಂಬಂಧಿಕರೊಬ್ಬರ ಹಳೆಯ ಡೆಕ್ ತಂದು ಅದರಲ್ಲಿ ಹನ್ನೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದೆ. ಫೋನಿನಲ್ಲಿ ಹಾಕಿ ಅಜ್ಜಿಯ ಕಿವಿಯ ಹತ್ತಿರ ಹಿಡಿದಾಗ ಅವರು ಸ್ವಲ್ಪ ಹೊತ್ತು ಕೇಳಿ, "ಮಾತು ಅವರದ್ದೇ. ಸ್ವರ ಅವರದ್ದಲ್ಲ" ಎಂದು ಫೋನ್ ವಾಪಸು ಕೊಟ್ಟಿದ್ದರು.

ವಯಸ್ಸಾದವರ ಕಿವಿ ಎಂದು ನಾವು ಸುಮ್ಮನಾಗಿದ್ದೆವು. ಆದರೆ ಅಜ್ಜಿ ಹೇಳಿದ್ದರಲ್ಲಿ ಭೌತಶಾಸ್ತ್ರ ಇತ್ತು. ಗಂಡಸಿನ ಮಾತಿನ ಮೂಲ ಆವೃತ್ತಿ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಫೋನಿನ ಸ್ಪೀಕರ್ ಬೆರಳಿನ ಉಗುರಿನಷ್ಟು. ಅಷ್ಟು ಚಿಕ್ಕ ಪರದೆ ಅಷ್ಟು ನಿಧಾನದ ಕಂಪನಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಹಾಗಾಗಿ ಕೆಳಗಿನ ಸ್ವರ ಹೋಗಿ, ಅದರ ಗುಣಕಗಳಾದ ಮೇಲಿನ ಸ್ವರಗಳು ಮಾತ್ರ ಉಳಿಯುತ್ತವೆ. ನಮ್ಮ ಮಿದುಳು ಆ ಗುಣಕಗಳಿಂದಲೇ ಸ್ವರ ಯಾವುದೆಂದು ಊಹಿಸಿಕೊಳ್ಳುತ್ತದೆ, ಮಾತು ಅರ್ಥವಾಗುತ್ತದೆ. ಆದರೆ ಎದೆಯಿಂದ ಬರುವ ಆ ತೂಕ ಇರುವುದಿಲ್ಲ. ದೊಡ್ಡ ಸ್ಪೀಕರ್ ಬೇಕಿದ್ದುದು ಇದಕ್ಕೇ.

ಈಗ ಪೆಟ್ಟಿಗೆಗೆ ಬರೋಣ. ಸ್ಟ್ರೀಮರ್ ಎಂದರೆ ಏನು? ನೆಟ್‌ವರ್ಕಿನಿಂದ ಅಂಕಿಗಳ ರೂಪದಲ್ಲಿ ಬರುವ ಧ್ವನಿಯನ್ನು ತೆಗೆದುಕೊಂಡು, ಅದನ್ನು ವಿದ್ಯುತ್ ಅಲೆಯಾಗಿ ಮಾಡಿ, ಆಂಪ್ಲಿಫಯರಿಗೆ ಕೊಡುವ ಒಂದು ಚಿಕ್ಕ ಕಂಪ್ಯೂಟರ್. ಅಂಕಿಯನ್ನು ಅಲೆಯಾಗಿ ಮಾಡುವ ಭಾಗಕ್ಕೆ ಡ್ಯಾಕ್ ಎನ್ನುತ್ತಾರೆ, ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ನಿಮ್ಮ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇದು ಇದೆ. ಮಾಮ ತಂದದ್ದರಲ್ಲಿ ಆಂಪ್ಲಿಫಯರ್ ಕೂಡ ಒಳಗೇ ಇದೆ. ಕೆಲವದರಲ್ಲಿ ಇರುವುದಿಲ್ಲ, ಅವನ್ನು ಬೇರೆ ಆಂಪ್ಲಿಫಯರಿಗೆ ಜೋಡಿಸಬೇಕು.

ಅಂಕಿ ಎಂದೆನಲ್ಲ, ಎಷ್ಟು ಅಂಕಿ ಎಂದು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಿಡಿಯಲ್ಲಿ ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುತ್ತಾರೆ. ಪ್ರತಿ ಅಳತೆ 16 ಬಿಟ್, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು. ಎಡಕ್ಕೂ ಬಲಕ್ಕೂ ಬೇರೆ ಬೇರೆ. 44,100ನ್ನು 16ರಿಂದಲೂ 2ರಿಂದಲೂ ಗುಣಿಸಿ: ಸೆಕೆಂಡಿಗೆ 14,11,200 ಬಿಟ್. ಒಂದು ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್; ಒಂದು ಅಲೆಯನ್ನು ತಪ್ಪಿಲ್ಲದೆ ಮತ್ತೆ ಕಟ್ಟಬೇಕಾದರೆ ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಅದಕ್ಕೆ 40,000ಕ್ಕಿಂತ ಮೇಲೆ. ಹಾಗಾದರೆ 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಸಿಡಿ ಬರುವ ಮೊದಲು ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನಲ್ಲಿ ಶೇಖರಿಸುತ್ತಿದ್ದರು. ಟಿವಿ ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಅಳತೆ. ಅಮೆರಿಕದ ಪದ್ಧತಿಯಲ್ಲಿ 245 ಗೆರೆ, ಸೆಕೆಂಡಿಗೆ 60 ಸಲ. ಯುರೋಪಿನ ಪದ್ಧತಿಯಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ. ಎರಡನ್ನೂ ಗುಣಿಸಿ ನೋಡಿ, ಒಂದೇ ಉತ್ತರ ಬರುತ್ತದೆ. ನನಗೆ ಇದು ಗೊತ್ತಾದಾಗ ಕ್ಯಾಲ್ಕುಲೇಟರ್ ಹಿಡಿದು ಎರಡು ಸಲ ಮಾಡಿ ನೋಡಿದ್ದೆ.

ಮೊದಲ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಸ್ಟ್ರೀಮರಿನ ಹಿಂದೆ ಯುಎಸ್‌ಬಿ ತೂತು ಇತ್ತು. ಲ್ಯಾಪ್‌ಟಾಪಿನಲ್ಲೂ ಅದೇ ಚಪ್ಪಟೆ ತೂತು ಇದೆ. ಎರಡು ತುದಿಯೂ ಚಪ್ಪಟೆ ಇರುವ ಒಂದು ಕೇಬಲ್ ಹುಡುಕಲು ಹೊರಟೆ. ಸದ್ಯ, ಸಿಗಲಿಲ್ಲ. ಯುಎಸ್‌ಬಿಯಲ್ಲಿ ಎರಡು ಬದಿ ಸಮಾನರಲ್ಲ. ಒಂದು ಬದಿ ಹೋಸ್ಟ್, ಅದು ಆಜ್ಞೆ ಕೊಡುತ್ತದೆ, 5 ವೋಲ್ಟ್ ಕರೆಂಟನ್ನೂ ಕೊಡುತ್ತದೆ. ಇನ್ನೊಂದು ಬದಿ ಡಿವೈಸ್, ಅದು ಪಡೆಯುತ್ತದೆ. ಲ್ಯಾಪ್‌ಟಾಪ್ ಹೋಸ್ಟ್. ಸ್ಟ್ರೀಮರಿನ ಚಪ್ಪಟೆ ತೂತು ಕೂಡ ಹೋಸ್ಟ್, ಏಕೆಂದರೆ ಅದು ಇರುವುದು ಪೆನ್‌ಡ್ರೈವ್ ಚುಚ್ಚಲು. ಎರಡು ಹೋಸ್ಟ್‌ಗಳನ್ನು ಸೇರಿಸಿದರೆ ಇಬ್ಬರು ಮೇಷ್ಟ್ರು ಒಂದೇ ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ, ಕೇಳುವವರು ಯಾರೂ ಇಲ್ಲ. ಅಷ್ಟೇ ಅಲ್ಲ, ಎರಡೂ ಕಡೆಯಿಂದ ಕರೆಂಟ್ ತಳ್ಳಿದರೆ ಯಾವುದಾದರೂ ಒಂದು ಸುಡಬಹುದು. ಆ ಜಾತಿಯ ಕೇಬಲ್ ಎಲ್ಲಾದರೂ ಕಂಡರೆ ಧ್ವನಿಗಾಗಿ ಬಳಸಬೇಡಿ. ಕಂಪ್ಯೂಟರಿನಿಂದ ನೇರ ಯುಎಸ್‌ಬಿ ತೆಗೆದುಕೊಳ್ಳುವ ಡ್ಯಾಕ್‌ಗಳು, ಸ್ಟ್ರೀಮರ್‌ಗಳು ಬೇರೆ ಇವೆ. ಅವುಗಳಲ್ಲಿ ಪ್ರಿಂಟರಿನ ಹಿಂದೆ ಇರುವಂಥ ಚೌಕದ ತೂತೋ, ಈಗಿನ ಫೋನಿನಂಥ ಸಿ ತೂತೋ ಇರುತ್ತದೆ, ಪಕ್ಕದಲ್ಲಿ ಡ್ಯಾಕ್ ಅಥವಾ ಪಿಸಿ ಎಂದು ಬರೆದಿರುತ್ತದೆ. ಅಂಥದ್ದು ಇದ್ದರೆ ಒಂದೇ ಕೇಬಲಿನಲ್ಲಿ ಕೆಲಸ ಮುಗಿಯಿತು.

ಪೆನ್‌ಡ್ರೈವ್ ಎಂದಾಗ ನಿಮಗೆ ಅನ್ನಿಸಿರಬಹುದು, ಫೈಲುಗಳನ್ನೆಲ್ಲ ಅದಕ್ಕೇ ಹಾಕಿ ಚುಚ್ಚಿದರಾಗದೇ? ಆಗುತ್ತದೆ. ಉಮ್ಮ ಕೂಡ ಅದನ್ನೇ ಕೇಳಿದರು. ಆದರೆ ನಾನು ಪ್ರತಿ ವಾರ ಒಂದೊಂದು ರೆಕಾರ್ಡಿಂಗ್ ಸ್ವಚ್ಛ ಮಾಡುತ್ತಿದ್ದೆ. ಪ್ರತಿ ಸಲ ಪೆನ್‌ಡ್ರೈವ್ ಕಿತ್ತು, ಅಳಿಸಿ, ಮತ್ತೆ ಹಾಕುವ ಬದಲು ಲ್ಯಾಪ್‌ಟಾಪಿನಲ್ಲಿ ಬದಲಾದದ್ದು ಚಾವಡಿಯಲ್ಲಿ ತಾನಾಗಿ ಬದಲಾಗಬೇಕಿತ್ತು.

ಎರಡನೆಯದಾಗಿ ಹಿಡಿದದ್ದು ಹಳೆಯ ದಾರಿ, ಇಯರ್‌ಫೋನಿನ ತೂತು. ಒಂದು ತುದಿಯಲ್ಲಿ 3.5 ಮಿಲಿಮೀಟರಿನ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಎರಡು ಪಿನ್ನು ಇರುವ ವೈರು. ಇದು ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಹಳೆಯ ಸ್ಟೀರಿಯೋ ಇರುವವರಿಗೂ ಇದೇ ಸುಲಭ. ಆಕ್ಸ್, ಸಿಡಿ, ಟೇಪ್ ಇನ್, ಲೈನ್ ಇನ್ ಎಂದು ಬರೆದ ಯಾವುದಕ್ಕೆ ಬೇಕಾದರೂ ಹಾಕಬಹುದು. ಫೋನೋ ಎಂದು ಬರೆದದ್ದಕ್ಕೆ ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ತೀರ ಸಣ್ಣ ಸಂಕೇತವನ್ನು ತುಂಬ ದೊಡ್ಡದು ಮಾಡುವ ತೂತು. ಅಲ್ಲಿಗೆ ಲ್ಯಾಪ್‌ಟಾಪ್ ಹಾಕಿದರೆ ಕರ್ಕಶ ಶಬ್ದ ಬರುತ್ತದೆ. ಲ್ಯಾಪ್‌ಟಾಪಿನ ವಾಲ್ಯೂಮನ್ನು ಹೆಚ್ಚಾಗಿಯೇ ಇಟ್ಟು, ಬೇಕಾದಷ್ಟು ಸಣ್ಣ ದೊಡ್ಡ ಮಾಡುವುದನ್ನು ಆಂಪ್ಲಿಫಯರಿನಲ್ಲಿ ಮಾಡಬೇಕು. ತಿರುವುಮುರುವು ಮಾಡಿದರೆ ಸಂಕೇತದ ಜೊತೆ ದಾರಿಯಲ್ಲಿ ಸೇರಿದ ಗದ್ದಲವೂ ದೊಡ್ಡದಾಗುತ್ತದೆ.

ಧ್ವನಿ ಬಂತು. ಜೊತೆಗೆ ಗುಂಯ್ ಎಂಬ ಒಂದು ಶಬ್ದವೂ ಬಂತು, ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ. ಅಜ್ಜ ಮಾತು ನಿಲ್ಲಿಸಿದ ಕಡೆಯಲ್ಲೆಲ್ಲ ಅದೇ ಕೇಳುತ್ತಿತ್ತು. ವೈರು ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಚಾರ್ಜರಿನ ಪಿನ್ನು ಕಿತ್ತಾಗ ಶಬ್ದ ತಟ್ಟನೆ ಕಡಿಮೆಯಾಯಿತು.

ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿನದ್ದು, ಅರ್ಥಿಂಗಿಗೆ ಸೇರಿದೆ. ಚಾವಡಿಯ ವ್ಯವಸ್ಥೆಯೂ ಇನ್ನೊಂದು ಕಡೆಯಿಂದ ಅರ್ಥಿಂಗಿಗೆ ಸೇರಿದೆ. ನಮ್ಮಲ್ಲಿ ಅದು ಟಿವಿಯ ಡಿಶ್ ಕೇಬಲಿನ ಮೂಲಕ ಇದ್ದಿರಬೇಕು, ಏಕೆಂದರೆ ಅದನ್ನು ಕಿತ್ತರೂ ಶಬ್ದ ಕಡಿಮೆಯಾಗುತ್ತಿತ್ತು. ಎರಡು ಅರ್ಥಿಂಗ್ ಬಿಂದುಗಳ ನಡುವೆ ಅಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ನಾವು ಧ್ವನಿಯ ವೈರು ಹಾಕಿದ ಕೂಡಲೇ ಅದರ ಹೊರಕವಚ ಆ ಎರಡನ್ನೂ ಸೇರಿಸಿ ಒಂದು ಸುತ್ತು ಮಾಡುತ್ತದೆ, ಅದರಲ್ಲಿ ಸಣ್ಣ ಪ್ರವಾಹ ಹರಿಯುತ್ತದೆ. ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಆವರ್ತನದ್ದು. ಹಾಗಾಗಿ ಸ್ಪೀಕರಿನಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳಾದ 100, 150 ಹರ್ಟ್ಸ್ ಕೇಳುತ್ತದೆ. ಈ 50ನ್ನು ನೆನಪಿಡಿ, ಮುಂದೆ ಬರುತ್ತದೆ.

ಕೆಲವರು ಇದಕ್ಕೆ ಪರಿಹಾರವಾಗಿ ಪ್ಲಗ್ಗಿನ ದಪ್ಪ ಪಿನ್ನು ಮುರಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ನು ಇರುವುದು ಶಬ್ದಕ್ಕಲ್ಲ, ಜೀವಕ್ಕೆ. ಒಳಗೆ ಎಲ್ಲಾದರೂ ವೈರು ತಗಲಿ ಲೋಹದ ಹೊದಿಕೆಗೆ ಕರೆಂಟ್ ಬಂದರೆ ಅದು ಭೂಮಿಗೆ ಹೋಗಲು ಇರುವ ದಾರಿ ಅದೊಂದೇ. ಸರಿಯಾದ ಉಪಾಯ ಎಂದರೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸುವುದು, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಅಥವಾ ನಡುವೆ ಐಸೋಲೇಟರ್ ಎಂಬ ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕುವುದು. ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕ ಇಲ್ಲ, ಕಾಂತಕ್ಷೇತ್ರ ಮಾತ್ರ. ಹಾಗಾಗಿ ಸುತ್ತು ಕಡಿಯುತ್ತದೆ, ಧ್ವನಿ ದಾಟುತ್ತದೆ.

ಇದಕ್ಕಿಂತ ಚೆಂದದ ಉಪಾಯ ಆಪ್ಟಿಕಲ್ ಕೇಬಲ್. ಜಪಾನಿನ ತೋಷಿಬಾ ಕಂಪನಿ 1983ರಲ್ಲಿ ತಂದದ್ದು, ಅದಕ್ಕೇ ಅದರ ಹೆಸರು ಟೋಸ್‌ಲಿಂಕ್. ಪ್ಲಾಸ್ಟಿಕ್ಕಿನ ಎಳೆಯೊಂದರಲ್ಲಿ ಕೆಂಪು ಬೆಳಕು ಮಿನುಗಿ ಅಂಕಿಗಳು ಸಾಗುತ್ತವೆ. ದ್ವಿತೀಯ ಪಿಯುಸಿಯಲ್ಲಿ ಓದುವ ಪೂರ್ಣ ಆಂತರಿಕ ಪ್ರತಿಫಲನ ಇದೇ. ಲೋಹವೇ ಇಲ್ಲದ ಮೇಲೆ ಗ್ರೌಂಡ್ ಲೂಪ್ ಎಲ್ಲಿಂದ? ಕೆಲವು ಡೆಸ್ಕ್‌ಟಾಪ್ ಕಂಪ್ಯೂಟರುಗಳ ಹಿಂದೆ ಈ ತೂತು ಇರುತ್ತದೆ, ಟಿವಿಗಳಲ್ಲಿ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಆ ದಾರಿ ಅಲ್ಲಿಗೇ ನಿಂತಿತು.

ಬ್ಲೂಟೂತ್? ಅದು ಒಂದೇ ನಿಮಿಷದಲ್ಲಿ ಸೇರಿತು. ಅವಸರಕ್ಕೆ ಸಾಕು, ಮಾತಿನ ರೆಕಾರ್ಡಿಂಗಿಗೆ ಸಾಕು. ಆದರೆ ಅದು ಧ್ವನಿಯನ್ನು ದಾರಿಯಲ್ಲಿ ಮತ್ತೊಮ್ಮೆ ಹಿಂಡುತ್ತದೆ. ಎಲ್ಲ ಬ್ಲೂಟೂತ್ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ ಹೋಗುವುದು ಹೆಚ್ಚೆಂದರೆ ಸೆಕೆಂಡಿಗೆ 328 ಕಿಲೋಬಿಟ್, ಸಿಡಿಯ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಲ್ಯಾಪ್‌ಟಾಪ್ ಹಿಡಿದು ನಾನು ಮಾಳಿಗೆಗೆ ಹೋದ ಕೂಡಲೇ ಅಜ್ಜ ತುಂಡು ತುಂಡಾಗಿ ಮಾತಾಡಲು ಶುರು ಮಾಡುತ್ತಿದ್ದರು. ವಾಟ್ಸಾಪ್ ಸಂದೇಶ ಬಂದರೆ ಅದರ ಟಣ್ ಎಂಬ ಶಬ್ದವೂ ಚಾವಡಿಯಲ್ಲೇ ಕೇಳಿಸುತ್ತಿತ್ತು.

ಉಳಿದದ್ದು ಮನೆಯ ವೈಫೈ. ನಿಜವಾಗಿ ಸ್ಟ್ರೀಮರ್ ಹುಟ್ಟಿದ್ದೇ ಇದಕ್ಕೆ. ಇಲ್ಲಿ ಕಂಪ್ಯೂಟರ್ ಧ್ವನಿಯನ್ನು ಕಳಿಸುವುದಿಲ್ಲ, ಫೈಲನ್ನು ಕೊಡುತ್ತದೆ, ಅಷ್ಟೆ. ಇದಕ್ಕೆ ಬಳಸುವ ಒಪ್ಪಂದದ ಹೆಸರು ಡಿಎಲ್‌ಎನ್‌ಎ, ಅದರ ಬೇರು ಯುಪಿಎನ್‌ಪಿ. ಇದರಲ್ಲಿ ಮೂರು ಪಾತ್ರ. ನಮ್ಮ ಕಾಲೇಜಿನ ಲೈಬ್ರರಿಯನ್ನು ನೆನಪಿಸಿಕೊಳ್ಳಿ. ಪುಸ್ತಕದ ಕಪಾಟು ಸರ್ವರ್, ಅದು ನನ್ನ ಲ್ಯಾಪ್‌ಟಾಪ್. ಓದುವವನು ರೆಂಡರರ್, ಅದು ಸ್ಟ್ರೀಮರ್. ಯಾವ ಪುಸ್ತಕ ಎಂದು ಚೀಟಿ ಬರೆಯುವವನು ಕಂಟ್ರೋಲರ್, ಅದು ಫೋನಿನಲ್ಲಿರುವ ಆಪ್. ಚೀಟಿ ಬರೆದ ಮೇಲೆ ಫೋನಿನ ಕೆಲಸ ಮುಗಿಯಿತು. ಫೈಲು ಲ್ಯಾಪ್‌ಟಾಪಿನಿಂದ ನೇರ ಸ್ಟ್ರೀಮರಿಗೆ ಹೋಗುತ್ತದೆ, ಫೋನಿನ ಮೂಲಕ ಅಲ್ಲ. ಡ್ಯಾಕ್ ಕೆಲಸ ಸ್ಟ್ರೀಮರಿನಲ್ಲೇ ಆಗುತ್ತದೆ. ಲ್ಯಾಪ್‌ಟಾಪಿನ ಅಗ್ಗದ ಸೌಂಡ್ ಚಿಪ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ. ವಾಟ್ಸಾಪಿನ ಟಣ್ ಕೂಡ ಇಲ್ಲ.

ವಿಂಡೋಸಿನಲ್ಲಿ ಸರ್ವರ್ ಮೊದಲೇ ಇದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್ ತೆರೆದರೆ ಮೀಡಿಯಾ ಸ್ಟ್ರೀಮಿಂಗ್ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಮ್ಯೂಸಿಕ್ ಫೋಲ್ಡರಿನಲ್ಲಿ ಇರುವುದೆಲ್ಲ ಮನೆಯ ನೆಟ್‌ವರ್ಕಿಗೆ ಕಾಣುತ್ತದೆ. ನಾನು ಆನ್ ಮಾಡಿದೆ. ಸ್ಟ್ರೀಮರಿಗೆ ಏನೂ ಕಾಣಲಿಲ್ಲ. ಎರಡನೇ ದಿನದ ಬಹುಭಾಗ ಹೋದದ್ದು ಇಲ್ಲಿ, ಮತ್ತು ಕಾರಣಗಳು ಒಂದರ ಹಿಂದೆ ಒಂದು ಮೂರು ಇದ್ದವು.

ಮೊದಲನೆಯದು, ಲ್ಯಾಪ್‌ಟಾಪ್ ನಮ್ಮ ಮನೆಯ ವೈಫೈಯನ್ನು ಪಬ್ಲಿಕ್ ಎಂದು ತಿಳಿದುಕೊಂಡಿತ್ತು. ಹೊಸ ವೈಫೈಗೆ ಸೇರುವಾಗ ವಿಂಡೋಸ್ ಹಾಗೆಯೇ ಮಾಡುತ್ತದೆ, ಮಾಡಬೇಕಾದದ್ದೂ ಹಾಗೆಯೇ. ಬಸ್‌ಸ್ಟ್ಯಾಂಡಿನ ವೈಫೈಯಲ್ಲಿ ನಿಮ್ಮ ಫೋಲ್ಡರ್ ಊರಿಗೆಲ್ಲ ಕಾಣಬಾರದು. ಮನೆಯ ವೈಫೈಗೆ ಮಾತ್ರ ಸೆಟ್ಟಿಂಗ್ಸಿನಲ್ಲಿ ಹೋಗಿ ಪ್ರೈವೇಟ್ ಎಂದು ಬದಲಿಸಬೇಕು. ಇದನ್ನು ಬಿಟ್ಟು ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಬಾಗಿಲಿನ ಚಿಲಕ ಬಿಗಿಯಾಗಿದೆ ಎಂದು ಬಾಗಿಲನ್ನೇ ಕಿತ್ತಿಡುವ ಸಲಹೆ ಅದು.

ಎರಡನೆಯದು, ಮಾಮ ಸ್ಟ್ರೀಮರನ್ನು ಸೇರಿಸಿದ್ದು ರೂಟರಿನ ಗೆಸ್ಟ್ ನೆಟ್‌ವರ್ಕಿಗೆ. ಪಾಸ್‌ವರ್ಡ್ ಚಿಕ್ಕದು ಎಂಬ ಕಾರಣಕ್ಕೆ. ನೆಂಟರಿಗೆ ಇಂಟರ್ನೆಟ್ ಸಿಗಬೇಕು, ಮನೆಯ ಕಂಪ್ಯೂಟರ್ ಕಾಣಬಾರದು ಎಂದೇ ಗೆಸ್ಟ್ ನೆಟ್‌ವರ್ಕ್ ಇರುವುದು. ಆದ್ದರಿಂದ ಸ್ಟ್ರೀಮರಿಗೆ ಇಂಟರ್ನೆಟ್ಟಿನ ಹಾಡು ಸಿಗುತ್ತಿತ್ತು, ಪಕ್ಕದಲ್ಲೇ ಇರುವ ಲ್ಯಾಪ್‌ಟಾಪ್ ಸಿಗುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಎರಡೂ ಯಂತ್ರಗಳ ಐಪಿ ವಿಳಾಸ ನೋಡಿ. ಸಾಮಾನ್ಯವಾಗಿ ಮನೆಯ ರೂಟರಿನಲ್ಲಿ ಮೊದಲ ಮೂರು ಸಂಖ್ಯೆ ಒಂದೇ ಇದ್ದು ಕೊನೆಯದು ಮಾತ್ರ ಬೇರೆ ಇರಬೇಕು. ನಮ್ಮದರಲ್ಲಿ ಮೂರನೆಯದೇ ಬೇರೆ ಇತ್ತು, ಅದರಿಂದ ಗೊತ್ತಾಯಿತು.

ಮೂರನೆಯದು ನಿದ್ದೆ. ಎಲ್ಲ ಸರಿಯಾಗಿ, ಫೈಲುಗಳು ಕಂಡು, ಒಂದು ಹಾಡು ಹಾಕಿ ಊಟಕ್ಕೆ ಕುಳಿತರೆ ಅರ್ಧದಲ್ಲಿ ನಿಂತಿತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದಿದ್ದೆ. ಕಪಾಟಿಗೆ ಬೀಗ ಹಾಕಿದರೆ ಓದುವವನು ಪುಸ್ತಕ ಎಲ್ಲಿಂದ ತರುತ್ತಾನೆ? ಚಾರ್ಜಿಗೆ ಹಾಕಿರುವಾಗ ಸ್ಲೀಪ್‌ಗೆ ಹೋಗಬಾರದು ಎಂದು ಪವರ್ ಸೆಟ್ಟಿಂಗಿನಲ್ಲಿ ಬದಲಿಸಿದೆ.

ಇದರ ನಂತರವೂ ಒಮ್ಮೊಮ್ಮೆ ತಡವರಿಸುತ್ತಿತ್ತು. 2.4 ಗಿಗಾಹರ್ಟ್ಸಿನ ವೈಫೈಯಲ್ಲಿ ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್, ಪಕ್ಕದ ಮನೆಯ ರೂಟರ್ ಎಲ್ಲ ನುಗ್ಗುತ್ತವೆ. 5 ಗಿಗಾಹರ್ಟ್ಸಿಗೆ ಬದಲಿಸಿದರೆ ಗದ್ದಲ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ನಮ್ಮದು ಕೆಂಪುಕಲ್ಲಿನ ದಪ್ಪ ಗೋಡೆ. ರೂಟರ್ ಚಾವಡಿಯಲ್ಲೇ ಇದ್ದುದರಿಂದ ಸ್ಟ್ರೀಮರಿಗೆ ಒಂದು ಮೀಟರಿನ ಲ್ಯಾನ್ ಕೇಬಲ್ ಹಾಕಿದೆವು. ಗಾಳಿಯಲ್ಲಿ ಎರಡು ಸಲ ಹಾರಬೇಕಾದದ್ದು ಒಂದೇ ಸಲವಾಯಿತು, ತಡವರಿಕೆ ನಿಂತಿತು. ನನ್ನನ್ನು ಕೇಳಿದರೆ, ಸ್ಟ್ರೀಮರ್ ಕದಲದ ವಸ್ತು, ಅದಕ್ಕೆ ಸಾಧ್ಯವಾದರೆ ಯಾವಾಗಲೂ ಕೇಬಲ್ಲೇ ಒಳ್ಳೆಯದು. ಸಾವಿರಾರು ರೂಪಾಯಿಯ ವಿಶೇಷ ಲ್ಯಾನ್ ಕೇಬಲಿನಿಂದ ಧ್ವನಿ ಸುಧಾರಿಸುತ್ತದೆ ಎಂಬ ಜಾಹೀರಾತುಗಳನ್ನು ಮಾತ್ರ ನಂಬಬೇಡಿ. ಅಂಕಿ ತಪ್ಪಿಲ್ಲದೆ ತಲುಪಿದರೆ ಸಾಕು, ತಪ್ಪಿದ್ದರೆ ನೆಟ್‌ವರ್ಕ್ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ.

ಆಪಲ್ ಕಂಪ್ಯೂಟರ್ ಇರುವವರಿಗೆ ಏರ್‌ಪ್ಲೇ ಇದೆ, ಕ್ರೋಮ್ ಬ್ರೌಸರಿನಲ್ಲಿ ಕಾಸ್ಟ್ ಇದೆ, ಸ್ಟ್ರೀಮರ್ ಅವಕ್ಕೆ ಹೊಂದುವುದಾದರೆ ಇಷ್ಟು ಕಷ್ಟ ಇಲ್ಲ. ಸ್ಟ್ರೀಮರೇ ಇಲ್ಲದವರು ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿಗೆ ವೊಲ್ಯುಮಿಯೋ ಅಥವಾ ಮೂಡ್ ಎಂಬ ಉಚಿತ ತಂತ್ರಾಂಶ ಹಾಕಿ, ಒಂದು ಚಿಕ್ಕ ಡ್ಯಾಕ್ ಜೋಡಿಸಿ, ಹಳೆಯ ಸ್ಟೀರಿಯೋದ ಆಕ್ಸ್‌ಗೆ ಕೊಟ್ಟರೆ ಅದೇ ಸ್ಟ್ರೀಮರ್ ಆಗುತ್ತದೆ. ಎಲೆಕ್ಟ್ರಾನಿಕ್ಸ್ ತೆಗೆದುಕೊಂಡವರಿಗೆ ಒಳ್ಳೆಯ ಪ್ರಾಜೆಕ್ಟ್.

ಫೈಲುಗಳು ಕಂಡವು ಎಂದೆನಲ್ಲ, ಹೇಗೆ ಕಂಡವು ಎಂದರೆ, ಹನ್ನೊಂದೂ ಅನ್‌ನೋನ್ ಆರ್ಟಿಸ್ಟ್ ಎಂಬ ಒಂದೇ ಹೆಸರಿನ ಕೆಳಗೆ. ಸ್ಟ್ರೀಮರ್ ಫೋಲ್ಡರಿನ ಹೆಸರಿಗಿಂತ ಹೆಚ್ಚಾಗಿ ಫೈಲಿನ ಒಳಗೆ ಬರೆದಿರುವ ಟ್ಯಾಗ್ ನೋಡಿ ವಿಂಗಡಿಸುತ್ತದೆ. ಕ್ಯಾಸೆಟ್ಟಿಗೆ ಟ್ಯಾಗ್ ಎಲ್ಲಿಂದ ಬರಬೇಕು? ಮಾಮ ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋದರು, ನಾನು ತುಂಬಿದೆ. ಆರ್ಟಿಸ್ಟ್ ಎಂಬಲ್ಲಿ ಅಜ್ಜನ ಹೆಸರು. ಆಲ್ಬಮ್ ಎಂಬಲ್ಲಿ ವರ್ಷ. ಹಾಡಿನ ಹೆಸರು ಎಂಬಲ್ಲಿ ಅದು ಯಾರ ಕೈಯಲ್ಲಿ ಬಂತು ಎಂಬುದು, ಏಕೆಂದರೆ ಅಜ್ಜಿ ಅವನ್ನು ಗುರುತಿಸುವುದು ಹಾಗೆಯೇ. ಎಲ್ಲವನ್ನೂ ಫ್ಲ್ಯಾಕ್ ರೂಪದಲ್ಲಿ ಉಳಿಸಿದೆ. ಎಂಪಿತ್ರೀ ಫೈಲು ಚಿಕ್ಕದಾಗಲು ಕಿವಿಗೆ ಕೇಳಿಸದು ಎಂದು ಅದು ಭಾವಿಸಿದ ಭಾಗವನ್ನು ಬಿಸಾಡುತ್ತದೆ. ಫ್ಲ್ಯಾಕ್ ಜಿಪ್ ಫೈಲಿನ ಹಾಗೆ, ಮಡಚುತ್ತದೆ, ಏನನ್ನೂ ಬಿಸಾಡುವುದಿಲ್ಲ. ಮತ್ತೊಮ್ಮೆ ರೆಕಾರ್ಡ್ ಮಾಡಲಾಗದ ಧ್ವನಿಗೆ ಇದೇ ಸರಿ.

ಮೂರನೇ ದಿನ ಮಧ್ಯಾಹ್ನ ಅಜ್ಜಿಯನ್ನು ಕರೆದು ಚಾವಡಿಯ ಕುರ್ಚಿಯಲ್ಲಿ ಕೂರಿಸಿದೆವು. ಸ್ವರ ಚೆನ್ನಾಗಿ ತುಂಬಿ ಬಂತು. ಅಜ್ಜಿ ತಲೆ ಓರೆ ಮಾಡಿ ಕೇಳಿದರು. "ಈಗ ಸ್ವಲ್ಪ ಅವರದ್ದೇ. ಆದರೂ ಸಣ್ಣ ಪ್ರಾಯದವರ ಹಾಗೆ ಇದೆ. ಅವರು ಇಷ್ಟು ಗಡಿಬಿಡಿಯಲ್ಲಿ ಮಾತಾಡುವವರಲ್ಲ."

ಮಾಮ ನನ್ನನ್ನು ನೋಡಿದರು. ನನಗೆ ಆಗ ಹೊಳೆದದ್ದು, ತೊಂದರೆ ಸ್ಪೀಕರಿನಲ್ಲಿ ಇಲ್ಲ, ಡೆಕ್ಕಿನಲ್ಲಿ ಇತ್ತು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಡೆಕ್ಕಿನ ಮೋಟರ್ ಅದಕ್ಕಿಂತ ವೇಗವಾಗಿ ಓಡಿದರೆ ಸ್ವರ ಮೇಲೇರುತ್ತದೆ, ಮಾತೂ ಅವಸರದ್ದಾಗುತ್ತದೆ. ಎಷ್ಟು ವೇಗ? ಅಳೆಯುವುದು ಹೇಗೆ, ಅಜ್ಜನ ನಿಜವಾದ ಸ್ವರದ ಇನ್ನೊಂದು ಪ್ರತಿ ಇಲ್ಲದಿರುವಾಗ?

ಅಳತೆಗೋಲು ಟೇಪಿನಲ್ಲೇ ಇತ್ತು. ಅಜ್ಜ ದುಬೈಯ ಕೋಣೆಯಲ್ಲಿ ಕರೆಂಟಿಗೆ ಚುಚ್ಚಿದ ಟೇಪ್ ರೆಕಾರ್ಡರಿನಲ್ಲಿ ಮಾತಾಡಿದ್ದರು. ಅದರ ಟ್ರಾನ್ಸ್‌ಫಾರ್ಮರಿನ ಗುಂಯ್ ಶಬ್ದ ಮಾತಿನ ಜೊತೆಗೆ ತೀರ ಸಣ್ಣದಾಗಿ ಟೇಪಿಗೆ ಇಳಿದಿತ್ತು. ದುಬೈಯ ಕರೆಂಟ್ ಕೂಡ ನಮ್ಮ ಹಾಗೆ 50 ಹರ್ಟ್ಸ್. ಎರಡು ದಿನ ಓಡಿಸಲು ಹೊರಟಿದ್ದ ಶಬ್ದವನ್ನೇ ಈಗ ಹುಡುಕಬೇಕಾಯಿತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅಜ್ಜ ಮಾತು ನಿಲ್ಲಿಸಿದ ಕೆಲವು ಸೆಕೆಂಡುಗಳನ್ನು ಆರಿಸಿ, ಪ್ಲಾಟ್ ಸ್ಪೆಕ್ಟ್ರಮ್ ಒತ್ತಿದರೆ ಯಾವ ಆವೃತ್ತಿ ಎಷ್ಟಿದೆ ಎಂದು ಗ್ರಾಫ್ ಬರುತ್ತದೆ. 100 ಹರ್ಟ್ಸಿನ ಹತ್ತಿರ ಒಂದು ಚೂಪಾದ ಗೋಪುರ ಇರಬೇಕಿತ್ತು. ಅದು ಇದ್ದದ್ದು 104ರಲ್ಲಿ. ಅಂದರೆ ಡೆಕ್ ಶೇಕಡಾ ನಾಲ್ಕರಷ್ಟು ವೇಗವಾಗಿ ಓಡಿತ್ತು. ಅಜ್ಜನ ರೆಕಾರ್ಡರೇ ತುಸು ಹೆಚ್ಚು ಕಡಿಮೆ ಓಡಿದ್ದರೂ ಚಿಂತೆ ಇಲ್ಲ, ಆ ತಪ್ಪು ಸ್ವರಕ್ಕೂ ಗುಂಯ್‌ಗೂ ಒಂದೇ ರೀತಿ ತಗಲಿರುತ್ತದೆ. ಗುಂಯ್ 100ಕ್ಕೆ ಬಂದರೆ ಸ್ವರವೂ ತನ್ನ ಜಾಗಕ್ಕೆ ಬರುತ್ತದೆ. ಡೆಕ್ಕಿನಿಂದ ಇಳಿಸುವಾಗ ನಮ್ಮ ಮನೆಯ ಕರೆಂಟಿನ ಶಬ್ದ ಸೇರಿದ್ದರೆ ಅದು ಸರಿಯಾಗಿ 100ರಲ್ಲೇ ಇನ್ನೊಂದು ಗೋಪುರವಾಗಿ ಕಾಣುತ್ತಿತ್ತು, ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ವೇಗ ಮತ್ತು ಸ್ವರ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯಲ್ಲಿ 100 ಭಾಗಿಸು 104, ಅಂದರೆ 0.96 ಎಂದು ಕೊಟ್ಟು ಉಳಿಸಿದೆ. ಮೂಲ ಫೈಲನ್ನು ಮುಟ್ಟಲಿಲ್ಲ, ಬೇರೆ ಹೆಸರಿನಲ್ಲಿ ಇಟ್ಟೆ. ಅರ್ಧ ನಿಮಿಷದಲ್ಲಿ ಹೊಸ ಫೈಲು ಚಾವಡಿಯ ಪಟ್ಟಿಯಲ್ಲಿ ಕಾಣಿಸಿತು. ಪೆನ್‌ಡ್ರೈವ್ ಬೇಡ ಎಂದದ್ದು ಇದಕ್ಕೆ.

ಅಜ್ಜಿ ಈ ಸಲ ಏನೂ ಹೇಳಲಿಲ್ಲ. ಒಂದು ಬದಿ ಪೂರ್ತಿ ಕೇಳಿದರು. ಹಂಚಿನ ಬಾಕಿ ಎಷ್ಟು ಕೊಡಬೇಕು, ಯಾರ ಮದುವೆಗೆ ಎಷ್ಟು ಕಳಿಸಿದ್ದೇನೆ ಎಂಬಲ್ಲಿಗೆ ಬಂದಾಗ ಮಾಮನಿಗೆ ಕೈಸನ್ನೆ ಮಾಡಿ, "ಸ್ವಲ್ಪ ಸಣ್ಣ ಮಾಡು, ಪಕ್ಕದ ಮನೆಗೆ ಕೇಳುತ್ತದೆ" ಎಂದರು.

ಇನ್ನು ಏಳು ಕ್ಯಾಸೆಟ್ ಉಳಿದಿವೆ. ಅವು ಅಜ್ಜ ಆಮೇಲೆ ಸೌದಿಯಲ್ಲಿದ್ದಾಗಿನವು. ಅಲ್ಲಿಯ ಕರೆಂಟ್ 60 ಹರ್ಟ್ಸ್, ಹಾಗಾಗಿ ಅವುಗಳಲ್ಲಿ ಗೋಪುರವನ್ನು 120ರ ಹತ್ತಿರ ಹುಡುಕಬೇಕು. ಆದರೆ ಡೆಕ್ಕಿನ ಬೆಲ್ಟ್ ಈಗ ಪೂರ್ತಿ ಸಡಿಲವಾಗಿ ಟೇಪ್ ಸುತ್ತಿಕೊಳ್ಳುತ್ತಿದೆ. ಯಾರ ಮನೆಯಲ್ಲಾದರೂ ಸರಿಯಾಗಿ ಓಡುವ ಕ್ಯಾಸೆಟ್ ಡೆಕ್ ಇದ್ದರೆ ದಯವಿಟ್ಟು ತಿಳಿಸಿ. ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರ್ ಲ್ಯಾಬಿನಲ್ಲಿ ಸಿಗುತ್ತೇನೆ. ನಿಮ್ಮ ಮನೆಯ ಕ್ಯಾಸೆಟ್ಟುಗಳಿದ್ದರೆ ಅವನ್ನೂ ತನ್ನಿ, ಒಟ್ಟಿಗೆ ಇಳಿಸೋಣ.